ಕೊಡೆ ಸಾಹೇಬರ ಎಣಿಕೆ

ನಮ್ಮದು ಉದ್ದನೆಯ ಕಡಲತೀರದ ರಾಜ್ಯ. ಒಂದು ತುದಿಯಲ್ಲಿ ನೌಕಾನೆಲೆ, ಇನ್ನೊಂದು ತುದಿಯಲ್ಲಿ ವಾಯುನೆಲೆ, ನಡುವೆ ಜಾಗ ಸಿಕ್ಕಲ್ಲೆಲ್ಲ ತರಬೇತಿ ಶಿಬಿರ. ನಮ್ಮ ಬೀದಿಯ ಹನ್ನೊಂದು ಮನೆಗಳಲ್ಲಿ ನಾಲ್ಕು ಸೇನೆಯಿಂದ ನಿವೃತ್ತರಾದವರದು. ಅವರಿರುವುದರಿಂದ ಉಳಿದ ಏಳು ಮನೆಯವರು ಬೆಳಿಗ್ಗೆ ತಡವಾಗಿ ಏಳಲು ನಾಚಿಕೊಳ್ಳುತ್ತಾರೆ. ನಾನೂ ನಾಚಿಕೊಂಡೇ ಏಳೂವರೆಗೆ ಏಳುತ್ತೇನೆ.

ಆ ನಾಲ್ವರಲ್ಲಿ ಎದುರುಮನೆಯವರಿಗೆ ಕೊಡೆ ಸಾಹೇಬರೆಂದು ಹೆಸರು. ಇಪ್ಪತ್ತೆರಡು ವರ್ಷ ಅವರು ವಾಯುನೆಲೆಯಲ್ಲಿ ಪ್ಯಾರಾಚೂಟ್ ಮಡಿಸುತ್ತಿದ್ದರು. ಬೀದಿಗೆ ಬಂದ ಹೊಸತರಲ್ಲಿ ಯಾರೋ ಕೇಳಿದ್ದಕ್ಕೆ, "ಆಕಾಶದಿಂದ ಹಾರೋರ ಕೊಡೆ ನೋಡ್ಕೋತಿದ್ದೆ" ಅಂದುಬಿಟ್ಟರು. ಮರುದಿನದಿಂದಲೇ ಬೀದಿಯವರೆಲ್ಲ ಕಡ್ಡಿ ಮುರಿದ ಕೊಡೆ ಹಿಡಿದುಕೊಂಡು ಅವರ ಬಾಗಿಲಿಗೆ ಹೋದರು. ಸಾಹೇಬರು ಬೇಸರಪಡದೆ ಎಲ್ಲವನ್ನೂ ರಿಪೇರಿ ಮಾಡಿ, ಮಡಿಸಿ, ಪಟ್ಟಿ ಬಿಗಿದು ಕೊಟ್ಟರು. ನನ್ನದನ್ನು ಎಷ್ಟು ಅಚ್ಚುಕಟ್ಟಾಗಿ ಮಡಿಸಿದ್ದರೆಂದರೆ, ಬಿಚ್ಚಲು ಮನಸ್ಸು ಬಾರದೆ ನಾನು ಮಳೆಯಲ್ಲಿ ನೆನೆದುಕೊಂಡೇ ಮನೆಗೆ ಬಂದೆ.

ಸೇನೆ ಬಿಟ್ಟು ಬಂದವರನ್ನು ಕಂಡರೆ ಜನಕ್ಕೆ ಹೊಳೆಯುವ ಕೆಲಸ ಒಂದೇ: ಗೇಟಿನ ಪಕ್ಕದ ಕುರ್ಚಿ. ಸಾಹೇಬರು ನಾಲ್ಕು ವರ್ಷದಲ್ಲಿ ಮೂರು ಗೇಟು ಕಂಡರು. ಕೂತು ಕೂತು ಅವರ ಮುಖವೇ ಮುಚ್ಚಿದ ಗೇಟಿನಂತಾಗುತ್ತ ಬಂತು. ಒಂದು ಭಾನುವಾರ ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ನನ್ನನ್ನು ತಡೆದು ನಿಲ್ಲಿಸಿದರು.

"ನೋಡಪ್ಪ, ಇವರ ಕೈ ಸುಮ್ನಿರಲ್ಲ. ಮನೇಲಿರೋ ಹೊದಿಕೆ, ಪರದೆ, ನನ್ನ ಸೀರೆ ಎಲ್ಲ ಮಡಿಸಿ ಮಡಿಸಿ ಇಡ್ತಾರೆ. ಮೊನ್ನೆ ನಾನು ಓದ್ತಿದ್ದ ಪೇಪರನ್ನೇ ಕಿತ್ಕೊಂಡು ಮಡಿಸಿದ್ರು. ನಿಮ್ಮ ಆಫೀಸಲ್ಲಿ ಮಡಿಸೋ ಕೆಲಸ ಏನೂ ಇಲ್ವಾ?"

ಇತ್ತು. ಬಂದರಿನ ಪಕ್ಕದ ಒಂದು ಶೆಡ್ಡಿನಲ್ಲಿ ನಾನು ಗುಮಾಸ್ತ. ಹಡಗು ಮುಳುಗುವ ಹೊತ್ತಿನಲ್ಲಿ ಹಗ್ಗ ಎಳೆದರೆ ತಾನಾಗಿ ಗಾಳಿ ತುಂಬಿಕೊಳ್ಳುವ ರಬ್ಬರ್ ತೆಪ್ಪಗಳಿರುತ್ತವಲ್ಲ, ಅವನ್ನು ವರ್ಷಕ್ಕೊಮ್ಮೆ ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಿಸಿ ಡ್ರಮ್ಮಿಗೆ ತುಂಬುವುದು ನಮ್ಮ ಕಸುಬು. ನನ್ನ ಪಾಲಿನ ಕೆಲಸ ಡ್ರಮ್ಮಿನ ಮೇಲೆ ಚೀಟಿ ಅಂಟಿಸುವುದು. ಅದನ್ನೂ ಒಮ್ಮೊಮ್ಮೆ ಓರೆಯಾಗಿ ಅಂಟಿಸುತ್ತೇನೆ. ಯಜಮಾನರಿಗೆ ಹೇಳಿದೆ. ಒಂದು ತಿಂಗಳು ನೋಡೋಣ ಅಂದರು.

ಸಾಹೇಬರು ಬಂದ ದಿನವೇ ಗೋಡೆಗೆ ಒಂದು ಹಲಗೆ ಹೊಡೆದರು. ಕತ್ತರಿ, ಇಕ್ಕಳ ಹೀಗೆ ಕೆಲಸಕ್ಕೆ ಬೇಕಾದ ಹದಿನಾಲ್ಕು ಸಾಮಾನುಗಳಲ್ಲಿ ಒಂದೊಂದರ ಆಕಾರವನ್ನೂ ಬಿಳಿ ಬಣ್ಣದಲ್ಲಿ ಅದರ ಮೇಲೆ ಬರೆದು, ಆಯಾ ಆಕಾರದ ಮೇಲೆ ಆಯಾ ಸಾಮಾನು ನೇತುಹಾಕಿದರು. ಒಂದು ತೆಪ್ಪ ಮಡಿಸಿ ಆದಮೇಲೆ, ಡ್ರಮ್ ಮುಚ್ಚುವ ಮೊದಲು, ಹಲಗೆಯ ಮುಂದೆ ನಿಂತು ಹದಿನಾಲ್ಕನ್ನೂ ಮುಟ್ಟಿ ಎಣಿಸುವರು. ಒಂದು ಕಮ್ಮಿಯಾದರೂ ಅದು ತೆಪ್ಪದ ಮಡಿಕೆಯಲ್ಲೇ ಉಳಿದಿರಬಹುದು, ಡ್ರಮ್ ಮುಚ್ಚುವಂತಿಲ್ಲ. ಅವರು ಕಲಿತ ವಿದ್ಯೆಯೇ ಹಾಗೆ.

"ವಾಯುನೆಲೇಲಿ ಒಂದೊಂದು ಪ್ಯಾರಾಚೂಟಿಗೂ ಮಡಿಸಿದವನ ಸಹಿ ಇರ್ತಿತ್ತು. ಯಾರು ಯಾವಾಗ ಬೇಕಾದ್ರೂ, 'ನೀನು ಮಡಿಸಿದ್ದನ್ನ ನೀನೇ ಕಟ್ಕೊಂಡು ಹಾರು' ಅನ್ನಬಹುದಿತ್ತು," ಅಂದರು ನನಗೆ.

ಆ ಕ್ರಮ ನನ್ನ ಚೀಟಿಗಳಿಗೆ ಇಲ್ಲದ್ದಕ್ಕೆ ದೇವರಿಗೆ ಕೈ ಮುಗಿದೆ.

ಆದರೆ ಹಳೆಯ ಕೆಲಸಗಾರ ಐದು ಮಡಿಸುತ್ತಿದ್ದ ಹೊತ್ತಿನಲ್ಲಿ ಇವರು ಎರಡು ಮಡಿಸುತ್ತಿದ್ದರು. ಯಜಮಾನರು ಗಡಿಯಾರ ನೋಡುವರು, ಸಾಹೇಬರನ್ನು ನೋಡುವರು, ಕರೆತಂದ ನನ್ನನ್ನು ನೋಡುವರು. ತಿಂಗಳು ಮುಗಿಯಲು ಮೂರು ದಿನ ಉಳಿದಾಗ ಸಾಹೇಬರೇ ಹೇಳಿದರು: "ನಾಲ್ಕನೇ ಗೇಟು ಕಾಣಿಸ್ತಿದೆ ಕಣಪ್ಪ."

ಅಂದು ಸಂಜೆ ಹೊರಡುವ ಪ್ರಯಾಣಿಕರ ದೋಣಿಗೆ ನಾಲ್ಕು ತೆಪ್ಪ ಆಗಬೇಕಿತ್ತು. ಪರೀಕ್ಷೆ ಮುಗಿದಿತ್ತು, ಮಡಿಸುವುದಷ್ಟೇ ಬಾಕಿ. ಯಜಮಾನರು ಬೆಳಿಗ್ಗೆಯೇ ಬಂದು, "ಎಣಿಸೋದೆಲ್ಲ ಕೊನೇಲಿ ಒಂದೇ ಸಲ ಮಾಡ್ಕೊಳ್ಳಿ ಸಾಹೇಬ್ರೇ. ಇವತ್ತೊಂದು ದಿನ," ಅಂದರು. ಕೆಲಸ ಉಳಿಯಬೇಕೆಂಬ ಆಸೆ ಯಾರನ್ನು ಬಿಟ್ಟಿದೆ? ಇಪ್ಪತ್ತೆರಡು ವರ್ಷ ಮಾಡದ ತಪ್ಪನ್ನು ಸಾಹೇಬರು ಅಂದು ಮಾಡಿದರು. ಎಣಿಸದೆಯೇ ಒಂದರ ಹಿಂದೊಂದು ಡ್ರಮ್ ಮುಚ್ಚಿದರು. ಮೂರು ಗಂಟೆಗೆ ನಾಲ್ಕೂ ಸಿದ್ಧ. ಯಜಮಾನರು ಮೊದಲ ಸಲ ನನ್ನನ್ನು ನೋಡಿ ನಕ್ಕರು.

ಸಾಹೇಬರು ಹಲಗೆಯ ಮುಂದೆ ನಿಂತರು. ಹದಿಮೂರು. ಮತ್ತೆ ಎಣಿಸಿದರು. ಹದಿಮೂರೇ. ಸಣ್ಣ ಕತ್ತರಿಯ ಬಿಳಿ ಆಕಾರ ಖಾಲಿ ಇತ್ತು.

"ಕತ್ತರಿ ನೋಡಿದ್ಯೇನಪ್ಪ?"

"ಇಲ್ವಲ್ಲ," ಅಂದೆ, ಎದೆ ತಟ್ಟಿಕೊಂಡು.

ಸಾಹೇಬರು ಮೊದಲನೆಯ ಡ್ರಮ್ಮಿನ ಪಟ್ಟಿ ಬಿಚ್ಚಿದರು. ಯಜಮಾನರು ಓಡಿ ಬಂದರು.

"ಏನ್ ಮಾಡ್ತಿದ್ದೀರಾ? ಐದು ಗಂಟೆಗೆ ದೋಣಿ ಬಿಡತ್ತೆ."

"ಬಿಡೋದು ಬೇಡ ಸಾರ್. ಕತ್ತರಿ ಇದರೊಳಗಿದ್ರೆ?"

"ಬಿಚ್ಚಿದ್ರೆ ನಾಳೆಯಿಂದ ಬರಬೇಡಿ."

ಸಾಹೇಬರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಎರಡನೆಯ ಪಟ್ಟಿಯನ್ನೂ ಬಿಚ್ಚಿತು.

ನಾನೂ ಟಾರ್ಚ್ ಹಿಡಿದು ಮಹಾ ಉತ್ಸಾಹದಿಂದ ಹುಡುಕಿದೆ. ಮೊದಲ ಮೂರರಲ್ಲಿ ಏನೂ ಇರಲಿಲ್ಲ. ನಾಲ್ಕನೆಯದರ ಮೇಲೆ ಬಗ್ಗಿದಾಗ ನನ್ನ ಅಂಗಿಯ ಜೇಬಿನಿಂದ ಏನೋ ಜಾರಿ ನೆಲಕ್ಕೆ ಬಿದ್ದು ಠಣ್ ಅಂತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೀಸೆ ಸರಿಮಾಡಿಕೊಳ್ಳಲೆಂದು ನಾನೇ ಹಲಗೆಯಿಂದ ಅದನ್ನು ತೆಗೆದಿದ್ದೆ. ಮೀಸೆಯೂ ಸರಿಯಾಗಿರಲಿಲ್ಲ.

ಭೂಮಿ ಬಾಯಿ ಬಿಡಲಿಲ್ಲ. "ತಪ್ಪು ನಂದು ಸಾರ್, ಇವರದಲ್ಲ," ಅಂದೆ.

"ಕತ್ತರಿ ಯಾರದಾದ್ರೇನು?" ಅಂದರು ಯಜಮಾನರು. "ದೋಣಿ ತಪ್ಪಿಸಿದ್ದು ಇವರು."

ಅಷ್ಟರಲ್ಲಿ ಬಾಗಿಲಲ್ಲಿ ಕ್ಯಾಪ್ಟನ್ನಮ್ಮ ನಿಂತಿದ್ದರು. ಆ ದೋಣಿ ನಡೆಸುವವರು ಅವರೇ. ತೆಪ್ಪ ಒಯ್ಯಲು ಬಂದವರು, ನಾಲ್ಕೂ ನೆಲದ ಮೇಲೆ ಹರಡಿದ್ದನ್ನು ನೋಡಿದರು. ಯಜಮಾನರು ಕ್ಷಮೆ ಕೇಳುತ್ತ, ನಡೆದದ್ದನ್ನು ಹೇಳಿ, ಬೆರಳನ್ನು ಸಾಹೇಬರ ಕಡೆ ತೋರಿಸಿದರು.

ಕ್ಯಾಪ್ಟನ್ನಮ್ಮ ನೇರ ಸಾಹೇಬರನ್ನೇ ಕೇಳಿದರು: "ಕತ್ತರಿ ಒಳಗೇ ಉಳಿದಿದ್ರೆ ಏನಾಗ್ತಿತ್ತು?"

"ಗಾಳಿ ತುಂಬೋವಾಗ ಚುಚ್ಚಿರೋದು ತಾಯಿ."

"ಮೇಲಿಂದ ನೋಡಿದ್ರೆ ನಮಗೆ ಗೊತ್ತಾಗ್ತಿತ್ತಾ?"

"ಇಲ್ಲ. ನೀರಿಗೆ ಬಿದ್ದ ಮೇಲೇ ಗೊತ್ತಾಗೋದು."

ಕ್ಯಾಪ್ಟನ್ನಮ್ಮ ಫೋನ್ ತೆಗೆದು ತಮ್ಮವರಿಗೆ, "ಇವತ್ತು ದೋಣಿ ಇಲ್ಲ ಅಂತ ಜನಕ್ಕೆ ಹೇಳಿ. ನಾಳೆ ಬೆಳಿಗ್ಗೆ ಹೊರಡೋಣ. ಬೈದ್ರೆ ನನ್ನ ಹೆಸರು ಹೇಳಿ," ಅಂದರು. ಯಜಮಾನರ ಕಡೆ ತಿರುಗಿ, "ನಮ್ಮ ಇನ್ನೂ ಮೂರು ದೋಣಿ ಇವೆ. ಅವುಗಳ ತೆಪ್ಪಾನೂ ಇಲ್ಲಿಗೇ ಕಳಿಸ್ತೀನಿ. ಆದ್ರೆ ಇವರೇ ಮಡಿಸ್ಬೇಕು. ಇವರು ನಾಳೆಯಿಂದ ಬರ್ತಾರೆ ತಾನೆ?" ಅಂದರು.

ಯಜಮಾನರು ಗಂಟಲು ಸರಿಮಾಡಿಕೊಂಡರು. "ಬರದೆ ಎಲ್ಲಿಗೆ ಹೋಗ್ತಾರೆ ಮೇಡಂ?"

ಸಾಹೇಬರು ಕತ್ತರಿಯನ್ನು ಅದರ ಜಾಗದಲ್ಲಿ ನೇತುಹಾಕಿ, ಹದಿನಾಲ್ಕನ್ನೂ ಮುಟ್ಟಿ ಎಣಿಸಿ, ಮೊದಲ ತೆಪ್ಪದ ಬಳಿ ಮಂಡಿಯೂರಿದರು. ಬೆಳಗಿನೊಳಗೆ ನಾಲ್ಕನ್ನೂ ಮಡಿಸಬೇಕಿತ್ತು. ಯಜಮಾನರು ಅಂಗಿಯ ತೋಳು ಮಡಚಿಕೊಂಡು ಹತ್ತಿರ ಬಂದು, ಕೊಂಚ ಸಂಕೋಚದಿಂದಲೇ, "ನಾವೂ ಒಂದು ಕೈ ಹಾಕಬಹುದಾ?" ಅಂದರು.

"ಹಾಕಿ ಸಾರ್," ಅಂದರು ಸಾಹೇಬರು, ತಲೆಯೆತ್ತದೆ. "ಮೊದಲು ಇಬ್ಬರೂ ಜೇಬು ಖಾಲಿ ಮಾಡಿ."

ನನ್ನ ಜೇಬಿನಲ್ಲಿ ಇನ್ನೇನೂ ಉಳಿದಿರಲಿಲ್ಲ. ಯಜಮಾನರು ಬೀಗದ ಕೈ, ಎರಡು ಪೆನ್ನು, ಒಂದು ಬಾಚಣಿಗೆಯನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟು, ಬಂದು ತೆಪ್ಪದ ಒಂದು ಅಂಚು ಹಿಡಿದುಕೊಂಡರು.

"ಎಲ್ಲಿಂದ ಶುರು ಮಾಡೋದು ಹೇಳಿ," ಅಂದರು.