ಬಾಣಂತಿ ಕೋಣೆಯ ಈಶಾನ್ಯ ಮೂಲೆ

ಮಗಳ ಬಾಣಂತನಕ್ಕೆಂದೇ ನಾವು ಹಿತ್ತಲಿಗೆ ಒಂದು ಕೋಣೆ ಹೆಚ್ಚಿಸಿದೆವು. ಬೀದರಿನ ನಮ್ಮ ಮನೆ ಹಳೆಯದು, ಕೆಂಪು ಕಲ್ಲಿನದು. ನನ್ನ ಬಾಣಂತನ ಇದೇ ಮನೆಯ ಪಡಸಾಲೆಯಲ್ಲಿ, ಹಗ್ಗಕ್ಕೆ ಸೀರೆ ಅಡ್ಡ ಕಟ್ಟಿಕೊಂಡು ನಡೆದಿತ್ತು. ನನಗೆ ತವರು ಇರಲಿಲ್ಲ. ಭಾಲ್ಕಿಗೆ ಕೊಟ್ಟ ಒಬ್ಬಳೇ ಮಗಳಿಗಾದರೂ ಕದ ಹಾಕಿಕೊಂಡು ಮಲಗುವ ಜಾಗ ಬೇಕು ಎಂದು ಹಟ ಹಿಡಿದೆ.

ಹಳೇ ಗೋಡೆಗೆ ಆತುಕೊಂಡು ಪಡುವಣ ಬದಿಗೆ ಹೊಸ ಗೋಡೆಗಳು ಎದ್ದವು. ಹಿತ್ತಲಿನ ಇಳಿಜಾರು ಓಣಿಯ ಮೋರಿಯ ಕಡೆಗೆ, ಅಂದರೆ ನೈಋತ್ಯಕ್ಕೆ. ಮಳೆನೀರು ಯಾವತ್ತೂ ಅತ್ತಲೇ ಹೋಗಿದ್ದು. ಸ್ಲ್ಯಾಬ್ ಹಾಕುವ ಮುಂಚೆ ಔರಾದಿನಿಂದ ಭಾವ ಬಂದರು, ನನ್ನ ಗಂಡನ ಅಣ್ಣ. ಮಾಳಿಗೆಯ ನೀರು ಈಶಾನ್ಯಕ್ಕೇ ಇಳಿಯಬೇಕು, ನೈಋತ್ಯಕ್ಕೆ ಹರಿದರೆ ಮನೆಯ ಲಕ್ಷ್ಮಿಯೂ ಹರಿದುಹೋಗುತ್ತಾಳೆ ಎಂದು ಅಪ್ಪಣೆ ಕೊಡಿಸಿದರು. ಆ ಕೋಣೆಗೆ ಈಶಾನ್ಯ ಎಂದರೆ ಹೊಸ ಗೋಡೆ ಹಳೇ ಗೋಡೆಗೆ ಸೇರುವ ಸಂದು. ನೀರು ಅಲ್ಲಿಗೆ ಬಂದು ಎಲ್ಲಿಗೆ ಹೋಗಬೇಕು ಎಂದು ಕೇಳಿದೆ. ನನ್ನ ಗಂಡ ಅಣ್ಣನ ಮುಂದೆ ಎಂದೂ ಬಾಯಿ ತೆರೆದವರಲ್ಲ. ನನಗೆ ಚಹಾ ಮಾಡಲು ಹೇಳಿದರು.

ಶ್ರಾವಣದ ಮಳೆ ಹಿಡಿದಾಗ ಮಗಳು ಎಳೆಗೂಸಿನೊಂದಿಗೆ ಆ ಕೋಣೆಯಲ್ಲಿದ್ದಳು. ಮಾಳಿಗೆಯ ನೀರೆಲ್ಲ ಮೂಲೆಗೆ ಬಂದು ನಿಂತು, ಸಂದಿನೊಳಗೆ ಇಳಿಯಿತು. ಕೆಂಪು ಕಲ್ಲು ಬಾಯಾರಿದ ಎಮ್ಮೆಯ ಹಾಗೆ ಕುಡಿಯಿತು. ಬಾಣಂತಿಗೆ ಗಾಳಿ ತಾಗಬಾರದಲ್ಲ, ಕಿಟಕಿ ಬಿಗಿದು ಸಂದಿಗೆಲ್ಲ ಹಳೇ ಬಟ್ಟೆ ತುರುಕಿದ್ದೆವು. ಕೂಸಿನ ಬಟ್ಟೆಯೂ ಒಳಗೇ ಒಣಗಬೇಕು. ತೇವಕ್ಕೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಸುಣ್ಣ ಉಬ್ಬಿ ಉದುರಿತು, ತೊಟ್ಟಿಲ ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಹಿಡಿಯಿತು. ಲೋಬಾನ ಹಾಕಿದಷ್ಟೂ ಮುಗ್ಗಲು ವಾಸನೆ ಹೆಚ್ಚಾಯಿತು. ಕೂಸು ಕೆಮ್ಮತೊಡಗಿತು.

ಭಾಲ್ಕಿಯಿಂದ ಮೊಮ್ಮಗಳನ್ನು ನೋಡಲು ಬಂದ ಬೀಗತಿ ಒಂದು ಮಾತೂ ಜೋರಾಗಿ ಆಡಲಿಲ್ಲ. ಗೋಡೆಗೆ ಕೈ ಇಟ್ಟು, ಆ ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ತಪ್ಪು ತಿಳಿಬ್ಯಾಡ್ರಿ ಬೀಗತಿ. ಕೂಸಿಗಿ ಇಲ್ಲಿ ಬಿಟ್ಟು ಹೋಗ್ಲಾಕ ನನಗ ಮನಸಿಲ್ರಿ."

ಅವಧಿ ಮುಗಿಯುವ ಮೊದಲೇ ಬಾಣಂತಿಯನ್ನು ಅತ್ತೆ ಬಂದು ಕರೆದೊಯ್ದರೆ ನಮ್ಮಲ್ಲಿ ತವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡಿದರು. ಗಾಡಿ ತಿರುವು ದಾಟುವ ತನಕ ನಾನು ಅಳಲಿಲ್ಲ. ಆಮೇಲೆ ಗಂಡನ ಮುಂದೆ ನಿಂತು, ಮದುವೆಯಾದಾಗಿನಿಂದ ನುಂಗಿಕೊಂಡದ್ದನ್ನೆಲ್ಲ ಆಡಿದೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಮಳೆ ಬಿಟ್ಟ ಮೇಲೆ ಮಾಳಿಗೆಯ ಇಳಿಜಾರನ್ನು ಓಣಿಯ ಕಡೆಗೆ ತಿರುಗಿಸಿ ಪೈಪು ಇಳಿಸಿದರು, ಸಂದು ಬಿಡಿಸಿ ಮುಚ್ಚಿದರು, ಹಿತ್ತಲಿಗೆ ಮೋರಿಯ ತನಕ ಕಾಲುವೆ ತೋಡಿದರು. ಇಷ್ಟೇ ಕೆಲಸ. ಭಾವನ ಮೊಮ್ಮಗನ ಜವಳಕ್ಕೆ ಔರಾದಿಗೆ ಹೋದಾಗ ಅವರ ಮಾಳಿಗೆಯನ್ನೂ ಹತ್ತಿ ನೋಡಿ ಬಂದೆ. ಅಲ್ಲಿಯ ನೀರು ಶಾಸ್ತ್ರ ಕೇಳದೆ ನೇರವಾಗಿ ನೈಋತ್ಯದ ಮೋರಿಗೆ ಬೀಳುತ್ತದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಊಟ ಮಾಡದೆ ಎದ್ದು ಬಂದೆ.

ಈಗ ಮಗಳು ಮತ್ತೆ ಬಸುರಿ. ಕೋಣೆಗೆ ಹೊಸ ಸುಣ್ಣ ಬಳಿಸಿ ಫೋನು ಮಾಡಿದೆ. ಎರಡು ಮಳೆಗಾಲ ಕಳೆದರೂ ಗೋಡೆ ಒಣಗಿಯೇ ಇದೆ ಎಂದು ನಾಲ್ಕು ಸಲ ಹೇಳಿದೆನೇನೋ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅವ್ವ, ಈ ಸಲ ಅತ್ತಿನೇ ಮಾಡ್ತಾರಂತ. ನೀ ಬಂದು ನೋಡ್ಕೊಂಡು ಹೋಗು."

ಹೂಂ ಅಂದೆ. ಹೆತ್ತ ಮಗಳ ಬಾಣಂತನಕ್ಕೆ ನಾನು ನೆಂಟಳ ಹಾಗೆ ಒಣಕೊಬ್ಬರಿ ಕಟ್ಟಿಕೊಂಡು ಭಾಲ್ಕಿಯ ಬಸ್ಸು ಹತ್ತಬೇಕು, ಸಂಜೆಯೊಳಗೆ ತಿರುಗಿ ಬರಬೇಕು.