ಬರ್ಲಿನ್ ಪದ್ಧತಿಯ ಮಜ್ಜಿಗೆ

ಓಡುತ್ತಲೇ ನೀರು ಕುಡಿಯಬಹುದು ಎಂಬುದು ನನಗೆ ತಿಳಿದದ್ದು ಟಿವಿಯಿಂದ. ವಾರ್ತೆಯಲ್ಲಿ ಬರ್ಲಿನ್ ಮ್ಯಾರಥಾನ್ ತೋರಿಸುತ್ತಿದ್ದರು. ಅಲ್ಲಿನ ರಸ್ತೆ ಬಲು ಸಪಾಟಂತೆ. ಅದಕ್ಕೇ ಅಲ್ಲಿ ಓಡಿದವರು ಬೇರೆ ಊರುಗಳಿಗಿಂತ ಬೇಗ ಗುರಿ ಮುಟ್ಟುತ್ತಾರಂತೆ.

"ಎರಡು ತಾಸು ಚಿಲ್ಲರಿಗೆ ಇಪ್ಪತ್ತಾರು ಮೈಲಿ! ನಿನಗ ಸಂತಿಗೆ ಹೋಗಿ ಬರಾಕ ಮೂರು ತಾಸು ಬೇಕು," ಎಂದರು ನಮ್ಮ ಮನೆಯವರು.

"ಅವರ ಕೈಯಾಗೂ ಕಾಯಿಪಲ್ಲೆ ಚೀಲ ಕೊಟ್ಟು ಓಡಸ್ರಿ, ನೋಡೂಣು," ಎಂದೆ.

ನನ್ನ ಕಣ್ಣಿದ್ದದ್ದು ರಸ್ತೆಯಂಚಿನಲ್ಲಿ ಲೋಟ ಹಿಡಿದು ನಿಂತವರ ಮೇಲೆ. ಓಡುವವರು ಕಸಿದರು, ಕುಡಿದರು, ಎಸೆದರು, ಹೋದರು. ಒಬ್ಬರೂ ನಿಲ್ಲಲಿಲ್ಲ, ಒಬ್ಬರಿಗೂ ನೀರು ತಪ್ಪಲಿಲ್ಲ.

ನಮ್ಮ ಮನೆ ಹಗರಿಬೊಮ್ಮನಹಳ್ಳಿಯಲ್ಲಿ ಕೊಟ್ಟೂರಿನ ರಸ್ತೆಗೇ ಇದೆ. ಹರಕೆ ಹೊತ್ತು ಕೊಟ್ಟೂರೇಶ್ವರನ ಸನ್ನಿಧಿಗೆ ನಡೆದು ಹೋಗುವವರಿಗೆ ವರ್ಷವೂ ಮಜ್ಜಿಗೆ ಕೊಡುವುದು ನನ್ನ ಪಾಲಿನ ಸೇವೆ. ಹಿಂದಿನ ವರ್ಷ ಕುಡಿದವರು ಕಟ್ಟೆಯ ಮೇಲೆ ಕೂತು ಮಾತಿಗಿಳಿದು, ಲೋಟಗಳು ಅವರ ಕೈಯಲ್ಲೇ ಉಳಿದು, ಹಿಂದೆ ನಿಂತವರು ಬಾಯಾರಿದಂತೆಯೇ ಮುಂದೆ ನಡೆದಿದ್ದರು. ಅದು ವರ್ಷವಿಡೀ ನನ್ನನ್ನು ಚುಚ್ಚಿತ್ತು. ಈ ಸಲ ಒಬ್ಬರೂ ಹಾಗೆ ಹೋಗಬಾರದೆಂದು ಬರ್ಲಿನ್ ಪದ್ಧತಿಯನ್ನೇ ಅನುಸರಿಸಿದೆ.

ರಸ್ತೆಯಂಚಿಗೆ ಮೇಜು ಹಾಕಿ, ಲೋಟ ತುಂಬಿ, ಕೈ ಚಾಚಿ ಕೂಗಿದೆ: "ನಿಲ್ಲಬ್ಯಾಡ್ರಿ, ನಡ್ಕೊಂತ ಕುಡೀರಿ!"

ಜನ ಎಷ್ಟು ವಿಧೇಯರೆಂದರೆ, ನಡೆಯುತ್ತ ಕುಡಿದರು, ಕುಡಿಯುತ್ತ ನಡೆದೇಬಿಟ್ಟರು. ಹಂಡೆಯಲ್ಲಿ ಮಜ್ಜಿಗೆ ಇತ್ತು, ಎದುರಿಗೆ ಜನರಿದ್ದರು, ಲೋಟ ಮಾತ್ರ ಇರಲಿಲ್ಲ. ಬರ್ಲಿನ್ನಿನವರದು ಎಸೆಯುವ ಕಾಗದದ ಲೋಟ, ನನ್ನದು ಸ್ಟೀಲಿನದು ಎಂಬುದು ನನ್ನ ಪ್ರಚಂಡ ಬುದ್ಧಿಗೆ ಆಗ ಹೊಳೆಯಿತು. ತೀರಿಹೋದ ನಮ್ಮವ್ವ ಹೆಸರು ಕೆತ್ತಿಸಿ ನನ್ನ ಮದುವೆಗೆ ಕೊಟ್ಟ ಎರಡು ಡಜನ್ ಲೋಟಗಳು ಕಣ್ಣೆದುರೇ ಪಾದಯಾತ್ರೆ ಹೊರಟಿದ್ದವು.

ಸೆರಗು ಸಿಕ್ಕಿಸಿ ಓಡಿದೆ. "ಲೇ, ಬರ್ಲಿನ್ ಆ ಕಡಿ ಇಲ್ಲಲೇ!" ಎಂದು ಮನೆಯವರು ಬಾಗಿಲಲ್ಲೇ ನಕ್ಕರು. ದೇವರ ದಯೆ, ನಕ್ಕರೇ ಹೊರತು ನೋಡಲು ಓಣಿಯವರನ್ನು ಕರೆಯಲಿಲ್ಲ.

ಇಪ್ಪತ್ಮೂರು ಲೋಟ ಮಡಿಲಿಗೆ ಬಿದ್ದವು. ಕೊನೆಯದನ್ನು ಹಿಡಿದು, ದೂರದಿಂದ ಒಬ್ಬ ಅಜ್ಜಿ ನನ್ನತ್ತಲೇ ಹಿಂತಿರುಗಿ ಬರುತ್ತಿದ್ದಳು.

"ಅಲ್ಲೇ ನಿಂತು ಕುಡೀಬಾರ್ದಿತ್ತೇನಬೇ?" ಎಂದೆ ಏದುಸಿರಿನಲ್ಲಿ.

"ನಿಲ್ಲಬ್ಯಾಡ ಅಂದಾಕಿ ನೀನಾ ಅಲ್ಲೇನು?"

ದೂರದ ಹಂಪಸಾಗರದಿಂದ ನಡೆದು ಬಂದ ಕಾಲು; ಹೆಬ್ಬೆರಳಿಗೆ ಬಟ್ಟೆ ಕಟ್ಟಿತ್ತು. ನಾನು ಉಳಿಸಿದ ಅರ್ಧ ನಿಮಿಷಕ್ಕೆ ಆಕೆ ಎಷ್ಟು ಹೆಜ್ಜೆ ತೆತ್ತಿದ್ದಳೋ! ನೀವೇ ಹೇಳಿ, ಹೆಜ್ಜೆಯನ್ನು ಮಜ್ಜಿಗೆಯಂತೆ ಅಳೆದು ತಿರುಗಿ ಕೊಡಲು ಬರುತ್ತದೆಯೇ? ಆಕೆಯ ಗಂಟನ್ನು ಕಂಕುಳಿಗೆ ಇರುಕಿಕೊಂಡು ಕೊಟ್ಟೂರಿನ ಕಡೆಗೆ ಜೊತೆಗೆ ನಡೆದೆ, ಆಕೆಯ ವೇಗದಲ್ಲೇ, ಅಂದರೆ ನಾಲ್ಕು ಹೆಜ್ಜೆಗೊಮ್ಮೆ ನಿಂತು.

ಒಂದು ಬೇವಿನ ಮರದ ಬಳಿ ಅಜ್ಜಿ ಕೈ ಚಾಚಿದಳು.

"ಲೋಟ ಕೊಡಾಕ ನಾ ತಿರುಗಿದ್ದು ಇಲ್ಲೇ. ಮುಂದಿನ ದಾರಿ ನಂದು, ಗಂಟು ಕೊಡು. ಈಗ ನೀ ಓಡು ತಾಯಿ, ಅಲ್ಲಿ ಮಂದಿ ಬಾಯಾರಿ ನಿಂತಾರ."