ನೀರು ಸಿಗದ ಐದು ಬಾವಿಗಳು

ವಿಜ್ಞಾನಕ್ಕೆ ನಿಲುಕದ ಸಂಗತಿ ಅಂತ ಯಾರಾದರೂ ಬಾಯಿ ತೆರೆದರೆ ಸಾಕು, ನಾನು ನೋಟ್‌ಬುಕ್ ತೆಗೆಯುತ್ತಿದ್ದೆ. ಅರವತ್ತರ ದಶಕದ ಆರಂಭ. ಜಾವಗಲ್ ಕಡೆಯ ನಮ್ಮೂರಿನ ಶಾಲೆಯಲ್ಲಿ ಹೊಸದಾಗಿ ವಿಜ್ಞಾನದ ಟೀಚರ್ ಆಗಿದ್ದೆ. ಹೇಳಿಕೊಡುವುದು ವಿಜ್ಞಾನ, ಕೂಡಿಡುವುದು ಅದಕ್ಕೆ ಸಿಗದ್ದು ಎಂದು ಜೊತೆಯ ಮೇಷ್ಟ್ರುಗಳು ನನ್ನ ಕಾಲೆಳೆಯುತ್ತಿದ್ದರು. ಬಸ್ತಿಹಳ್ಳಿಯ ಬಸದಿಯ ನುಣುಪು ಕಂಬದಲ್ಲಿ ತೀರಿಹೋದ ಅಜ್ಜಿಯ ಮುಖ ಕಂಡವರು, ಮಳೆಯ ಹಿಂದಿನ ದಿನವೇ ಹಗ್ಗ ಕಿತ್ತು ಓಡುವ ಎಮ್ಮೆ, ಎಲ್ಲ ಅದರಲ್ಲಿದ್ದವು. ಆದರೆ ಅರ್ಧ ಪುಸ್ತಕ ನನ್ನ ಅಪ್ಪನದೇ.

ಅಪ್ಪನಿಗೆ ತೆಂಗಿನ ತೋಟ. ಬಾವಿ ತೆಗೆಸುವವರು ಜಾಗ ತೋರಿಸಲು ಅವರನ್ನು ಕರೆಯುತ್ತಿದ್ದರು. ಜುಟ್ಟು ಬಿಟ್ಟು ಸುಲಿದ ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಹೊಲವೆಲ್ಲ ನಡೆಯುವರು. ಕೆಳಗೆ ನೀರಿದ್ದರೆ ಕಾಯಿ ತಾನಾಗಿ ಎದ್ದು ನಿಲ್ಲುತ್ತಿತ್ತು. ಆ ಕಾಯಿಯನ್ನು ಮನೆಗೆ ತರುವಂತಿರಲಿಲ್ಲ. ಅಲ್ಲೇ ಒಡೆದು, ಇದ್ದವರೆಲ್ಲ ತಿನ್ನಬೇಕು. ಹದಿನಾಲ್ಕು ಬಾವಿಗಳ ಕಥೆ ಬರೆದುಕೊಂಡಿದ್ದೆ. ಹದಿನಾಲ್ಕರಲ್ಲೂ ನೀರು.

ಆ ವರ್ಷ ಶಾಲೆಗೊಂದು ಬಾವಿ ಮಂಜೂರಾಯಿತು. ಅದರಲ್ಲಿ ನೀರು ಬರದಿದ್ದರೆ ಇನ್ನೊಂದು ಸಿಗುವಂತಿರಲಿಲ್ಲ. ನಮ್ಮ ದೊಡ್ಡ ಹುಡುಗಿಯರು ಪಾಠ ಬಿಟ್ಟು ಕೆರೆಯಿಂದ ಶಾಲೆಗೆ ನೀರು ಹೊತ್ತು ಹೊತ್ತು, ಕೊನೆಗೆ ಶಾಲೆಯನ್ನೇ ಬಿಡುತ್ತಿದ್ದರು. ಪಂಚಾಯಿತಿಯವರು ಅಪ್ಪನನ್ನು ಕರೆದರು. ಅಪ್ಪ ಒಲ್ಲೆ ಎಂದುಬಿಟ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. ಊರೂರಿಗೆ ನೀರು ತೋರಿಸಿದವರಿಗೆ ನನ್ನ ಹುಡುಗಿಯರು ಬೇಡವಾದರೇ? ನೋಟ್‌ಬುಕ್ ತಂದು, ಹದಿನಾಲ್ಕು ಕಥೆಯನ್ನೂ ಅವರೆದುರು ಗಟ್ಟಿಯಾಗಿ ಓದಿದೆ.

“ಮಾದಿಹಳ್ಳಿದು ಎಲ್ಲೈತೆ ಇದ್ರಾಗೆ?” ಎಂದರು ಅಪ್ಪ.

“ಮಾದಿಹಳ್ಳೀದು ಯಾವುದಪ್ಪ?”

“ಬಂಡೆ ಬಂತು ಕಣವ್ವ, ಒಂದು ಹನಿ ನೀರಿಲ್ಲ. ಅಂಥವು ಐದವೆ. ನೀನು ನನ್ನ ಮಗಳು ಅಂತ ಯಾರೂ ನಿಂಗೆ ಹೇಳಿಲ್ಲ.”

ನಾಚಿಕೆಯಾಯಿತು. ಬಾವಿ ತೆಗೆಸಿದವರ ಜಗಲಿಯಲ್ಲಿ ಕೂತು ಕಾಫಿ ಕುಡಿದು, ನೀರು ಬಂದ ಕಥೆಯನ್ನಷ್ಟೇ ಕೇಳಿಕೊಂಡು ಬಂದವಳು ನಾನು. ಬರದಿದ್ದ ಬಾವಿ ಯಾವುದು ಎಂದು ಒಬ್ಬರನ್ನೂ ಕೇಳಿರಲಿಲ್ಲ.

“ಐದನ್ನೂ ಬರ್ಕೊ. ಪಂಚಾಯ್ತೀಲಿ ಓದು. ಆಮೇಲೂ ಬಾ ಅಂದ್ರೆ ಬತ್ತೀನಿ,” ಎಂದರು.

ಓದಿದೆ. ಹದಿನಾಲ್ಕರ ಜೊತೆ ಆ ಐದನ್ನೂ, ಪಂಚಾಯಿತಿಯವರೆಲ್ಲರ ಎದುರು. ಅಪ್ಪ ಹೆಗಲ ಮೇಲಿನ ವಲ್ಲಿಯನ್ನು ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ನಿಂತಿದ್ದರು. ಅವರ ಮರ್ಯಾದೆಯನ್ನು ನಾನೇ ಬೀದಿಗೆ ತಂದೆನಲ್ಲ ಎಂದುಕೊಂಡೆ. ಪಂಚಾಯಿತಿಯ ಅಧ್ಯಕ್ಷರು ಎಲೆಯಡಿಕೆ ಉಗಿದು ಬಂದು, “ಹತ್ತೊಂಬತ್ರಲ್ಲಿ ಹದಿನಾಲ್ಕು. ನಮ್ಮೂರ ಮಳೆಗಿಂತ ವಾಸಿ ಕಣ್ರೀ. ಬನ್ನಿ,” ಎಂದರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು.

ಶಾಲೆಯ ಹುಣಸೆಮರದ ಪಕ್ಕ ಕಾಯಿ ಎದ್ದು ನಿಂತಿತು. ಹುಡುಗಿಯರೆಲ್ಲ ಚೂರು ಚೂರು ತಿಂದರು. ತಿಂಗಳೊಪ್ಪತ್ತು ಅಗೆದ ಮೇಲೆ ನೀರು ಜಿನುಗಿತು. ನಾನು ಕುಣಿಯುತ್ತ ಹೋಗಿ ಪೆನ್ನು ತೆಗೆದೆ.

“ತಡಿಯವ್ವ, ಬೇಸಿಗೆ ಬರ್ಲಿ,” ಎಂದರು ಅಪ್ಪ.

ಅಷ್ಟು ಜಾಗ ಖಾಲಿ ಬಿಟ್ಟೆ. ಯುಗಾದಿ ಕಳೆಯಿತು, ಕೆರೆ ತಳ ಕಂಡಿತು. ಒಂದು ಬೆಳಿಗ್ಗೆ ಹಾಜರಿ ಕೂಗಿದೆ. ದೊಡ್ಡ ಹುಡುಗಿಯರಲ್ಲಿ ಒಬ್ಬಳೂ ತಪ್ಪಿಸಿಕೊಂಡಿರಲಿಲ್ಲ. ಹೊರಗೆ ಯಾರೋ ಬಾವಿಗೆ ಬಿಂದಿಗೆ ಇಳಿಸಿದ ಸದ್ದು ಕೇಳಿತು. ನೋಟ್‌ಬುಕ್ ತೆಗೆದು, ಆ ಐದು ಬಾವಿಗಳ ಪಟ್ಟಿಯ ಕೆಳಗೆ ಬರೆದೆ: ಶಾಲೆಯ ಬಾವಿ. ನೀರಿದೆ. ಕಾರಣ ಗೊತ್ತಿಲ್ಲ.